ಕ್ಲಾಸ್ ಮೀಟಿಂಗ್ (ಮೆಥಡಿಸ್ಟ್ ಸಭೆ)

ಸದಸ್ಯರನ್ನು ಕ್ರಿಸ್ತನ ಶಿಷ್ಯರಾಗಿ ಬೆಳೆಸಲು ಜಾನ್ ವೆಸ್ಲಿ (1703–1791) ಇಂಗ್ಲೆಂಡಿನ ಮೆಥಡಿಸ್ಟ್ ಸಂಘಗಳಲ್ಲಿ ರೂಢಿಸಿದ ವಾರದ ಸಣ್ಣ ಕೂಟ. ಇದಕ್ಕೆ ಮೂಲ, ವಿಚಿತ್ರವೆನಿಸಿದರೂ, ಒಂದು ಸಾಲ. 1742ರಲ್ಲಿ ಬ್ರಿಸ್ಟಲ್‌ನ ಕೂಟಮಂದಿರದ ಸಾಲ ತೀರಿಸಲು ತಲಾ ವಾರಕ್ಕೊಂದು ಪೆನ್ನಿ ಎತ್ತೋಣವೆಂದು ಕ್ಯಾಪ್ಟನ್ ಫಾಯ್ ಎಂಬಾತ ಸೂಚಿಸಿದ. ಬಡವರು ಎಲ್ಲಿಂದ ತರಬೇಕೆಂಬ ಪ್ರಶ್ನೆ ಎದ್ದಾಗ, ತನಗೆ ಒಪ್ಪಿಸಿದ ಹನ್ನೊಂದು ಮಂದಿಯಲ್ಲಿ ಕೊಡಲಾಗದವರ ಪಾಲನ್ನು ತಾನೇ ಭರಿಸುವುದಾಗಿ ಹೇಳಿದ. ಹೀಗೆ ಒಂದೊಂದು ಗುಂಪನ್ನು ವಹಿಸಿಕೊಂಡು ಹಣಕ್ಕಾಗಿ ಮನೆಮನೆಗೆ ಹೋದ ಮುಖಂಡರಿಗೆ ಕೆಲವರ ನಡತೆಯ ಲೋಪಗಳೂ ಕಣ್ಣಿಗೆ ಬಿದ್ದವು. ವೆಸ್ಲಿ ಆ ವಸೂಲಿಯನ್ನೇ ಆತ್ಮಪಾಲನೆಗೆ ತಿರುಗಿಸಿದ.

ಮನೆಭೇಟಿ ಕ್ರಮೇಣ ಕೂಟವಾಯಿತು. ಸುಮಾರು ಹನ್ನೆರಡು ಜನ ಸೇರಿ ತಮ್ಮ ಆತ್ಮದ ಸ್ಥಿತಿಯನ್ನು ಹೇಳಿಕೊಳ್ಳುತ್ತಿದ್ದರು, ಬುದ್ಧಿಮಾತು ಕೇಳುತ್ತಿದ್ದರು, ಪ್ರಾರ್ಥಿಸುತ್ತಿದ್ದರು. ಮುಖಂಡರು ಪಾದ್ರಿಗಳಲ್ಲ, ಸಾಮಾನ್ಯ ಸಭಿಕರು, ಹೆಂಗಸರೂ ಇದ್ದರು. ಮೂರು ತಿಂಗಳಿಗೊಮ್ಮೆ ವಿಚಾರಣೆ ನಡೆದು ಸದಸ್ಯತ್ವದ ಟಿಕೆಟ್ ಹೊಸದಾಗುತ್ತಿತ್ತು. ಮೆಥಡಿಸ್ಟ್ ಚಳವಳಿ ಬಾಳಿದ್ದು ವೆಸ್ಲಿಯ ಬಯಲು ಪ್ರಸಂಗಗಳಿಗಿಂತ ಈ ಪರಸ್ಪರ ನಿಗಾದಿಂದ ಎನ್ನಬೇಕು.

19ನೆಯ ಶತಮಾನದಲ್ಲಿ ಪದ್ಧತಿ ಕ್ಷೀಣಿಸಿತು.