ಆಟ ಹಳೆಯದು, ದೀಪ ಹೊಸದು

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾದವರೆಗಿನ ಕರಾವಳಿಯಲ್ಲಿ ‘ಆಟ’ ಎಂದರೆ ಯಕ್ಷಗಾನ. ಊರಿಗೆ ವಿದ್ಯುತ್ತು ಬರುವ ಮೊದಲು ಈ ಆಟ ನಡೆಯುತ್ತಿದ್ದುದು ದೊಂದಿಯ ಬೆಳಕಿನಲ್ಲಿ. ಗಾಳಿಗೆ ದೊಂದಿ ಓಲಾಡಿದಂತೆ ವೇಷದ ನೆರಳೂ ಓಲಾಡುತ್ತಿತ್ತು. ಕಿರೀಟ, ಭುಜಕೀರ್ತಿಗಳಿಗೆ ಅಂಟಿಸಿದ ಬೇಗಡೆ ಆ ಬೆಳಕು ತಾಗಿ ಮಿಂಚುತ್ತಿತ್ತು. ಮುಂದೆ ಗ್ಯಾಸ್‌ಲೈಟ್ ಬಂತು. ಆಮೇಲೆ ಟ್ಯೂಬ್‌ಲೈಟು, ಫ್ಲಡ್‌ಲೈಟು. ಪ್ರಸಂಗ ಅದೇ, ಪದ್ಯ ಅದೇ, ವೇಷವೂ ಅದೇ. ಆದರೂ ಹಿಂದಿನದನ್ನು ಕಂಡವರಿಗೆ ಏನೋ ತಪ್ಪಿಹೋದಂತೆ ಅನಿಸುತ್ತಿತ್ತು. ವೇಷವನ್ನು ರೂಪಿಸಿದವರು ಯಾವ ದೀಪವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಆ ದೀಪವೇ ಅಲ್ಲಿರಲಿಲ್ಲ.

ಮತ್ತೊಂದು ಬಗೆಯ ಆಟಕ್ಕೂ ಈಚಿನ ದಶಕಗಳಲ್ಲಿ ಇದೇ ಗತಿ ಬಂದಿದೆ. ಅದು ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೊ ಗೇಮ್. ತಪ್ಪಿಹೋದದ್ದೇನು ಎಂಬುದನ್ನು ಪತ್ತೆಹಚ್ಚಿ ಮರಳಿ ತರುವ ಕೆಲಸವನ್ನು ಇಲ್ಲಿ ಕಂಪೆನಿಗಳಿಗಿಂತ ಹೆಚ್ಚಾಗಿ ಮಾಡುತ್ತ ಬಂದವರು ಆಡುವವರೇ ಎಂಬುದು ಸ್ವಾರಸ್ಯಕರ ಸಂಗತಿ.

ಬಂದರಿನ ಊರುಗಳಿಗೆ ಹೊಸ ಸರಕು

ಕಡಲಾಚೆಯ ಸರಕು ಈ ಮೂರು ಊರುಗಳಿಗೆ ಹೊಸದಲ್ಲ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಭಟ್ಕಳದ ಬಂದರಿನಲ್ಲಿ ಇಳಿಯುತ್ತಿದ್ದವು. ಧಾರವಾಡದ ಕಡೆಯ ಹತ್ತಿ ಕುಮಟಾದಲ್ಲಿ ಹಡಗು ಹತ್ತಿ, ‘ಕುಮಟಾ ಹತ್ತಿ’ ಎಂಬ ಹೆಸರಿನಲ್ಲೇ ಮಾರಾಟವಾಗುತ್ತಿತ್ತು. ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಭಟ್ಕಳ ಹೆಸರಾದದ್ದು ಕೊಲ್ಲಿ ದೇಶಗಳಿಂದ ಬರುವ ಸಾಮಾನುಗಳಿಗೆ. ದುಬೈಗೆ ದುಡಿಯಲು ಹೋದವರು ತರುವ ಪೆಟ್ಟಿಗೆಗಳಲ್ಲಿ ಅತ್ತರು, ಟೇಪ್‌ರೆಕಾರ್ಡರುಗಳ ಜೊತೆಗೆ ಮಕ್ಕಳಿಗೊಂದು ಟಿ.ವಿ. ಗೇಮ್ ಇದ್ದರೆ ಅದೇನೂ ಆಶ್ಚರ್ಯವಲ್ಲ.

ಜಪಾನಿನ ನಿಂಟೆಂಡೊ ಕಂಪೆನಿ 1983ರಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಆಟದ ಯಂತ್ರವನ್ನು ಹೊರತಂದಿತು. ಅದರ ಅಗ್ಗದ ನಕಲುಗಳು ತೊಂಬತ್ತರ ದಶಕದ ಭಾರತದಲ್ಲಿ ಮನೆಮಾತಾದವು. ಸೋನಿ ಕಂಪೆನಿಯ ಪ್ಲೇಸ್ಟೇಷನ್ 1994ರಲ್ಲೂ ಪ್ಲೇಸ್ಟೇಷನ್-2 2000ದಲ್ಲೂ ಜಪಾನಿನಲ್ಲಿ ಮಾರುಕಟ್ಟೆಗೆ ಬಂದವು. ಇವು ದುಬಾರಿ; ನಮ್ಮಲ್ಲಿ ಹೆಚ್ಚಿನವರ ಕೈಗೆಟುಕಿದ್ದು ಸೈಬರ್ ಕೆಫೆಯ ಕಂಪ್ಯೂಟರ್ ಮಾತ್ರ. ಪ್ಲೇಸ್ಟೇಷನ್-2ಕ್ಕೆ 2002ರಲ್ಲಿ ಬಂದ ‘ಗ್ರ್ಯಾಂಡ್ ಥೆಫ್ಟ್ ಆಟೊ: ವೈಸ್ ಸಿಟಿ’ಯನ್ನು ನಮ್ಮ ಹುಡುಗರು ಕಂಡದ್ದು 2003ರಲ್ಲಿ ಬಂದ ಅದರ ಕಂಪ್ಯೂಟರ್ ಆವೃತ್ತಿಯ ಮೂಲಕ. ಆಟ ಮೂಲತಃ ಬೇರೆ ಯಂತ್ರದ್ದು, ಇದು ಅದರ ರೂಪಾಂತರ ಎಂಬುದೇ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ.

ಹೊತ್ತು ತರುವ ಕೆಲಸ

ಒಂದು ಯಂತ್ರಕ್ಕೆಂದು ಬರೆದ ಆಟವನ್ನು ಇನ್ನೊಂದು ಯಂತ್ರಕ್ಕೆ ಒಗ್ಗಿಸುವುದಕ್ಕೆ ಕಂಪ್ಯೂಟರ್ ಪರಿಭಾಷೆಯಲ್ಲಿ ‘ಪೋರ್ಟ್’ ಮಾಡುವುದು ಎನ್ನುತ್ತಾರೆ. ಬಂದರಿಗೂ ಇದಕ್ಕೂ ನೇರ ನಂಟಿಲ್ಲ. ಹೊತ್ತೊಯ್ಯುವುದು ಎಂಬುದು ಇಲ್ಲಿನ ಅರ್ಥ. ಕರ್ನಾಟಕಕ್ಕೂ ಈ ಕೆಲಸದ ಪರಿಚಯ ಸಾಕಷ್ಟು ಹಿಂದೆಯೇ ಆಗಿದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆ್ಯಕ್ಟಿವ್ ಸಂಸ್ಥೆಯ ಮೊದಲ ವಿದೇಶಿ ಕೆಲಸಗಳಲ್ಲಿ, ಫ್ರಾನ್ಸಿನ ಇನ್ಫೋಗ್ರೇಮ್ಸ್ ಕಂಪೆನಿಗಾಗಿ ‘ಮಿಷನ್ ಇಂಪಾಸಿಬಲ್’ ಆಟವನ್ನು ಕಂಪ್ಯೂಟರಿಗೆ ತರುವುದೂ ಒಂದು.

ಹೊತ್ತು ತರುವಾಗ ಏನೆಲ್ಲ ಉದುರಿಹೋಗುತ್ತದೆ? ಮೊದಲನೆಯದು ಕಾಲ. ಹಳೆಯ ಆಟಗಳಲ್ಲಿ ಪಾತ್ರದ ಓಟ, ವಾಹನದ ವೇಗ ಇತ್ಯಾದಿಗಳ ಲೆಕ್ಕವನ್ನು ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎಂಬುದಕ್ಕೆ ಗಂಟುಹಾಕಿರುತ್ತಿದ್ದರು. ವೇಗದ ಕಂಪ್ಯೂಟರಿನಲ್ಲಿ ಚಿತ್ರಗಳ ಸಂಖ್ಯೆ ಏರಿತೆಂದರೆ ಲೆಕ್ಕವೇ ಏರುಪೇರು. ಎರಡನೆಯದು ತೆರೆ. ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ.ಯಲ್ಲಿ ಬಣ್ಣದ ಚುಕ್ಕಿಗಳು ಒಂದಕ್ಕೊಂದು ಬೆರೆತು ಚಿತ್ರ ಮೃದುವಾಗಿ ಕಾಣುತ್ತಿತ್ತು. ಚಿತ್ರಕಾರರು ಅದನ್ನೇ ನೆಚ್ಚಿ ಬಣ್ಣ ಹಚ್ಚಿದ್ದರು. ಚಪ್ಪಟೆ ತೆರೆಯ ಮೇಲೆ ಅದೇ ಚಿತ್ರ ಚೌಕಳಿ ಚೌಕಳಿಯಾಗಿ ಒಡೆದು ಕಾಣುತ್ತದೆ. ದೊಂದಿಯ ವೇಷ ಫ್ಲಡ್‌ಲೈಟಿಗೆ ಬಂದಂತೆಯೇ ಇದು.

ಮೂರನೆಯದು ನಾದ. ‘ಫೈನಲ್ ಫ್ಯಾಂಟಸಿ-7’ ಪ್ಲೇಸ್ಟೇಷನ್‌ಗೆ 1997ರಲ್ಲಿ ಬಂತು, ಕಂಪ್ಯೂಟರಿಗೆ 1998ರಲ್ಲಿ. ಪ್ಲೇಸ್ಟೇಷನ್‌ನಲ್ಲಿ ಅದರ ಸಂಗೀತ ಆ ಯಂತ್ರದ್ದೇ ಧ್ವನಿಯಲ್ಲಿ ಕೇಳುತ್ತಿತ್ತು. ಕಂಪ್ಯೂಟರಿಗೆ ಬಂದಾಗ ಉಳಿದದ್ದು ಸ್ವರಗಳ ಪಟ್ಟಿ ಮಾತ್ರ; ಯಾವ ಸೌಂಡ್ ಕಾರ್ಡ್ ಇದೆಯೋ ಅದಕ್ಕೆ ತಕ್ಕ ರಾಗ! ಮೂಲ ಸಂಗೀತವನ್ನು ಮರಳಿ ಕೂರಿಸಿದವರು ಅಭಿಮಾನಿಗಳು. ಇಂಥ ಮಾರ್ಪಾಡಿಗೆ ‘ಮಾಡ್’ ಎಂದು ಹೆಸರು. ಇಂಗ್ಲಿಷಿನ ‘ಮಾಡಿಫಿಕೇಶನ್’ ಪದದ ಮೊಟಕು ರೂಪವಾದರೂ ಕನ್ನಡದ ಕಿವಿಗೆ ಅದು ‘ಮಾಡು’ ಎಂದೇ ಕೇಳಿಸುವುದು ಸೊಗಸಾಗಿದೆ.

ಮಂಜಿನ ಪ್ರಕರಣ

ಈ ಇತಿಹಾಸದ ಅತ್ಯಂತ ಬೋಧಪ್ರದ ಅಧ್ಯಾಯವೆಂದರೆ ಜಪಾನಿನ ಕೊನಾಮಿ ಕಂಪೆನಿಯ ‘ಸೈಲೆಂಟ್ ಹಿಲ್’ ಸರಣಿ. ದಟ್ಟ ಮಂಜು ಕವಿದ ಊರೊಂದರ ಭಯಾನಕ ಕಥೆ ಅದು. ಸರಣಿಯ ಮೊದಲ ಆಟ ಬಂದದ್ದು 1999ರಲ್ಲಿ. ದೂರದ ಬೀದಿಯನ್ನು ಬಿಡಿಸುವ ಶಕ್ತಿ ಆಗಿನ ಯಂತ್ರಕ್ಕಿರಲಿಲ್ಲ. ಆ ಕೊರತೆಯನ್ನು ಮುಚ್ಚಲು ಮಂಜು ನೆರವಾಯಿತು. ಕಡೆಗೆ ಆ ಮಂಜೇ ಆಟದ ಜೀವಾಳವಾಯಿತು. 2001ರ ಎರಡನೇ ಭಾಗದಲ್ಲಿ ಮಂಜು ಕಥೆಯ ದುಃಖಕ್ಕೇ ಆವರಣವಾಗಿ ನಿಂತಿತು.

2012ರಲ್ಲಿ ಎರಡನೇ ಮತ್ತು ಮೂರನೇ ಭಾಗಗಳನ್ನು ಹೊಸ ಯಂತ್ರಗಳಿಗೆ ತರುವ ಕೆಲಸ ಬೇರೊಂದು ಸಂಸ್ಥೆಯ ಪಾಲಿಗೆ ಬಂತು. ಆಗ ಬಯಲಾದ ಸತ್ಯ ದಿಗಿಲು ಹುಟ್ಟಿಸುವಂಥದು: ಮಾರಾಟವಾದ ಆಟದ ಅಂತಿಮ ಮೂಲಪ್ರತಿ ಕಂಪೆನಿಯ ಬಳಿ ಉಳಿದಿರಲಿಲ್ಲ. ಪೂರ್ತಿಯಾಗದ ಕರಡನ್ನೇ ಇಟ್ಟುಕೊಂಡು, ಹಿಂದೊಮ್ಮೆ ತಿದ್ದಿದ್ದ ತಪ್ಪುಗಳನ್ನೇ ಮತ್ತೆ ತಿದ್ದಬೇಕಾಯಿತು. ಮಂಜು ತೆಳುವಾಗಿ, ಅದರ ಹಿಂದೆ ಅಡಗಿದ್ದ ಅರೆಬರೆ ಅಂಚುಗಳು ಕಣ್ಣಿಗೆ ಹೊಡೆದವು. ಗುಡ್ಡ ಕಾಣದಂತೆ ಕವಿದಿದ್ದ ಮಳೆಗಾಲದ ಮುಸುಕನ್ನು ಯಾರೋ ಎಳೆದಾಗ ಹಿಂದೆ ಗುಡ್ಡವೇ ಇಲ್ಲದಂತಾಯಿತು!

ಅಭಿಮಾನಿಗಳ ಗುಂಪೊಂದು ಬೇರೆ ದಾರಿ ಹಿಡಿಯಿತು. ಎರಡನೇ ಭಾಗದ ಹಳೆಯ ಕಂಪ್ಯೂಟರ್ ಆವೃತ್ತಿಯನ್ನೇ ತಳಹದಿಯಾಗಿ ಇಟ್ಟುಕೊಂಡು ‘ಎನ್‌ಹ್ಯಾನ್ಸ್‌ಡ್ ಎಡಿಷನ್’ ಎಂಬ ಮಾಡ್ ಕಟ್ಟಿತು. ಮಂಜು, ನೆರಳು, ಧ್ವನಿಗಳನ್ನು ಮೂಲದೊಂದಿಗೆ ಒರೆಗೆ ಹಚ್ಚಿ ಸರಿಪಡಿಸುತ್ತ, ಅಗಲ ತೆರೆಗೂ ಅದನ್ನು ಹೊಂದಿಸಿತು. ಹಸ್ತಪ್ರತಿಗಳ ಪಾಠಾಂತರ ನೋಡುವ ಸಂಪಾದಕರ ಕೆಲಸಕ್ಕೆ ಇದು ಹತ್ತಿರದ್ದು.

ತುರ್ತು ಮದ್ದು, ಎಂಟು ವರ್ಷದ ವ್ರತ

ಕೆಲವು ಕಾಯಿಲೆಗಳಿಗೆ ಮದ್ದು ಬೇಗ ಸಿಗುತ್ತದೆ. ‘ಡಾರ್ಕ್ ಸೋಲ್ಸ್’ ಎಂಬ ಆಟ ಕಂಪ್ಯೂಟರಿಗೆ ಬಂದದ್ದು 2012ರ ಆಗಸ್ಟ್‌ನಲ್ಲಿ. ತೆರೆ ಎಷ್ಟೇ ದೊಡ್ಡದಿರಲಿ, ಚಿತ್ರ ಮಾತ್ರ 1024 ಅಗಲ, 720 ಎತ್ತರದ ಚುಕ್ಕಿಗಳಲ್ಲೇ ತಯಾರಾಗಿ ಹಿಗ್ಗುತ್ತಿತ್ತು. ಬಿಡುಗಡೆಯ ಬೆನ್ನಿಗೇ ‘ಡುರಾಂಟೆ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪೀಟರ್ ತೋಮನ್ ಎಂಬುವರು ‘ಡಿಎಸ್‌ಫಿಕ್ಸ್’ ಎಂಬ ಪುಟ್ಟ ಕಡತವನ್ನು ಉಚಿತವಾಗಿ ಹಂಚಿದರು.

ಅದರ ಉಪಾಯ ಸರಳ. ಆಟ ಶುರುವಾಗುವಾಗ ವಿಂಡೋಸ್‌ನ ಒಂದು ಕಡತವನ್ನು ಹೆಸರು ಹಿಡಿದು ಕರೆಯುತ್ತದೆ. ಅದೇ ಹೆಸರಿನ ಇನ್ನೊಂದು ಕಡತ ಆಟದ ಫೋಲ್ಡರಿನಲ್ಲೇ ಇದ್ದರೆ ಮೊದಲು ಓಗೊಡುವುದು ಅದು. ಹೀಗೆ ನಡುವೆ ಕುಳಿತ ಕಡತ, ‘720 ಗೆರೆಯ ಚಿತ್ರ ಬರೆ’ ಎಂಬ ಆಜ್ಞೆಯನ್ನು ತಡೆದು ‘1080 ಗೆರೆಯದು ಬರೆ’ ಎಂದು ತಿದ್ದಿ ಮುಂದಕ್ಕೆ ಕಳಿಸುತ್ತದೆ. ಆಟದ ಒಂದಕ್ಷರವನ್ನೂ ಮುಟ್ಟಬೇಕಿಲ್ಲ. ಮುಂದೆ ಇದೇ ತೋಮನ್ ಅವರಿಗೆ ಪ್ರಕಾಶಕರೇ ಪೋರ್ಟ್ ಮಾಡುವ ಕೆಲಸ ಒಪ್ಪಿಸಿದರು.

ಇನ್ನು ಕೆಲವು ಮಾಡ್‌ಗಳು ಹಲವು ವರ್ಷಗಳ ವ್ರತ. 2005ರಲ್ಲಿ ಬಂದ ‘ರೆಸಿಡೆಂಟ್ ಈವಿಲ್-4’ರ ಗೋಡೆ, ಬಾಗಿಲು, ಕಲ್ಲುಗಳ ಚಿತ್ರಗಳು ದೊಡ್ಡ ತೆರೆಯಲ್ಲಿ ಮಸುಕಾಗಿ ಕಾಣುತ್ತಿದ್ದವು. ಆಲ್ಬರ್ಟ್ ಮರೀನ್ ಮತ್ತು ಕ್ರಿಸ್ ಮೊರಾಲೆಸ್ ಎಂಬಿಬ್ಬರು ಅವನ್ನು ಮರುಸೃಷ್ಟಿಸಲು ಹೊರಟರು. ಮೂಲ ಕಲಾವಿದರು ಫೋಟೊ ತೆಗೆದಿದ್ದ ಸ್ಪೇನ್, ವೇಲ್ಸ್‌ಗಳ ಹಳೆಯ ಕಟ್ಟಡಗಳನ್ನು ಹುಡುಕಿ, ಅಲ್ಲಿಗೇ ಹೋಗಿ ಅದೇ ಕಲ್ಲುಗಳ ಫೋಟೊ ಮತ್ತೆ ತೆಗೆದರು. 2014ರಲ್ಲಿ ಆರಂಭವಾದ ಕೆಲಸ ಮುಗಿದದ್ದು 2022ರ ಫೆಬ್ರುವರಿಯಲ್ಲಿ.

ಯಜಮಾನರು ಯಾರು?

ಇಷ್ಟಾಗಿಯೂ ಆಟದ ಹಕ್ಕು ಕಂಪೆನಿಯದೇ. 2021ರ ನವೆಂಬರಿನಲ್ಲಿ ರಾಕ್‌ಸ್ಟಾರ್ ಕಂಪೆನಿ ‘ವೈಸ್ ಸಿಟಿ’, ‘ಸ್ಯಾನ್ ಆ್ಯಂಡ್ರಿಯಾಸ್’ ಸಹಿತ ಮೂರು ಆಟಗಳ ಹೊಸ ಆವೃತ್ತಿ ಹೊರಡಿಸಿ, ಹಳೆಯವುಗಳನ್ನು ಮಾರಾಟದಿಂದ ಹಿಂತೆಗೆಯಿತು. ಹೊಸದರಲ್ಲಿ ದೋಷಗಳ ಸಾಲೇ ಇತ್ತು. ಅಲ್ಲೂ ಮಂಜಿನದೇ ಪ್ರಕರಣ! ದೂರವನ್ನು ಮುಚ್ಚುತ್ತಿದ್ದ ಮುಸುಕು ಹೋಗಿ, ಮಹಾನಗರಗಳ ನಾಡು ಅಂಗೈಯಗಲದ್ದೆಂಬುದು ಬಯಲಾಯಿತು. ಅಭಿಮಾನಿಗಳ ಸಿಟ್ಟಿಗೆ ಮಣಿದ ಕಂಪೆನಿ ಕ್ಷಮೆ ಕೇಳಿ, ಹಳೆಯ ಆವೃತ್ತಿಗಳನ್ನು ಮತ್ತೆ ಮಾರಾಟಕ್ಕಿಟ್ಟಿತು. ಹಳೆಯ ಬೆಳಕಿನ ಛಾಯೆಯನ್ನು ಕಂಪ್ಯೂಟರಿನ ಹೊಸ ಆವೃತ್ತಿಗೆ ಮರಳಿ ತಂದದ್ದು 2024ರ ನವೆಂಬರಿನಲ್ಲಿ. ಸ್ಯಾನ್ ಆ್ಯಂಡ್ರಿಯಾಸ್‌ನ ಕಂಪ್ಯೂಟರ್ ಆವೃತ್ತಿಗೆ ಪ್ಲೇಸ್ಟೇಷನ್-2ರ ಕಿತ್ತಳೆ ಛಾಯೆಯನ್ನು ಅಭಿಮಾನಿಗಳು ‘ಸ್ಕೈಜಿಎಫ್‌ಎಕ್ಸ್’ ಎಂಬ ಮಾಡ್‌ನಿಂದ ಅದಕ್ಕೂ ಎಷ್ಟೋ ಮೊದಲೇ ಕೊಟ್ಟಿದ್ದರು.

ಅದೇ 2021ರಲ್ಲಿ ರಾಕ್‌ಸ್ಟಾರ್‌ನ ಮಾತೃಸಂಸ್ಥೆ ಟೇಕ್-ಟು, ಹಳೆಯ ಆಟಗಳ ಒಳಸಂಕೇತವನ್ನು ಬಿಡಿಸಿ ಮರುಬರೆದ ಅಭಿಮಾನಿಗಳ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ಹೂಡಿತು. ಬೆಂಗಳೂರಿನ ಧ್ರುವ ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್‌ಗಾಗಿ ಕೊಂಡದ್ದೂ ಇದೇ ಟೇಕ್-ಟು ಎಂಬುದು ಇಲ್ಲಿ ನೆನಪಾಗುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಕ್ರಮಬದ್ಧವಾಗಿ ಪಡೆದ ತಂತ್ರಾಂಶದ ಪ್ರತಿಯನ್ನು ಸ್ವಂತ ಬಳಕೆಗೆ, ವ್ಯಾಪಾರದ ಉದ್ದೇಶವಿಲ್ಲದೆ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಆಟವನ್ನೇ ಊರಿಗೆಲ್ಲ ಹಂಚಲು ಕೊಡುವುದಿಲ್ಲ. ಆದ್ದರಿಂದಲೇ ಒಳ್ಳೆಯ ಮಾಡ್‌ಗಳು ತೇಪೆಯನ್ನಷ್ಟೇ ಹಂಚುತ್ತವೆ. ಬಟ್ಟೆಯನ್ನು ಆಡುವವರೇ ತರಬೇಕು.

ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ನೆಲೆಸಿರುವ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಕೆಲವು ಗಂಟೆಗಳಿಗೆ ಇಳಿಸುವಾಗ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ನಿರ್ಧರಿಸುವವರು ಆ ಆಟದಲ್ಲೇ ಬೆಳೆದವರು. ವಿಡಿಯೊ ಗೇಮ್‌ಗಳಿಗೆ ಎಷ್ಟೋ ಸಲ ಆ ಭಾಗ್ಯವಿಲ್ಲ. ಗುತ್ತಿಗೆ ಪಡೆದವರ ಕೈಗೆ ಕರಡು, ತಲೆಯ ಮೇಲೆ ಗಡುವು. ಮಂಜು ಕೊರತೆಯಲ್ಲ, ಕಥೆಯ ಭಾಗ ಎಂದು ಬಲ್ಲವರು ತೆರೆಯ ಈಚೆ ಕುಳಿತಿರುತ್ತಾರೆ.

ಹಾಗಾಗಿ ಭಟ್ಕಳದ್ದೋ ಕುಮಟಾದ್ದೋ ಮನೆಯೊಂದರ ಕಪಾಟಿನಲ್ಲಿ ಉಳಿದಿರಬಹುದಾದ ಹಳೆಯ ಆಟದ ಸಿ.ಡಿ.ಗೂ ಬೆಲೆಯಿದೆ. ಅನೇಕ ಮಾಡ್‌ಗಳು ಕೇಳುವುದು ಆ ಮೂಲ ಪ್ರತಿಯನ್ನೇ. ಕರಾವಳಿಯ ತೇವಕ್ಕೆ ಸಿ.ಡಿ.ಯ ಮೇಲೂ ಬೂಷ್ಟು ಹಿಡಿಯುತ್ತದೆ. ಈ ಮಳೆಗಾಲಕ್ಕೆ ಮೊದಲು ಅದನ್ನು ಒರೆಸಿ, ಒಣಗಿದ ಜಾಗದಲ್ಲಿ ಎತ್ತಿಡುವುದು ಒಳ್ಳೆಯದು.