ತಾಮ್ರಪಟದ ಸಾಕ್ಷಿ, ವಿದ್ವತ್ಪತ್ರಿಕೆಯ ಧರ್ಮ

ಬೆಂಗಳೂರಿನ ಉತ್ತರಕ್ಕಿರುವ ತಣಿಸಂದ್ರದ ಹೆಸರಿನಲ್ಲಿ ಒಂದು ‘ಸಮುದ್ರ’ ಅಡಗಿದೆ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ನಾಡಿನ ಹಳೆಯ ರೂಢಿ. ಜನರ ಬಾಯಲ್ಲಿ ಅದು ಸವೆದು ಸಂದ್ರವಾಯಿತು. ಈ ಸೀಮೆಯ ನೆಲದಲ್ಲಿ ಇಂತಹ ಹಳೆಯ ಸಂಗತಿಗಳು ಇನ್ನೂ ಬಹಳ ಹುದುಗಿವೆ. ತಣಿಸಂದ್ರಕ್ಕೆ ಸಮೀಪದ ಹೆಬ್ಬಾಳದಲ್ಲಿ 2018ರಲ್ಲಿ ಗಂಗರ ದೊರೆ ಶ್ರೀಪುರುಷನ ಕಾಲದ ವೀರಗಲ್ಲೊಂದು ಬೆಳಕಿಗೆ ಬಂತು. ಕಿತ್ತಯ್ಯನೆಂಬ ವೀರನ ಸ್ಮಾರಕವದು, ಸುಮಾರು ಕ್ರಿ.ಶ. 750ರದೆಂದು ವಿದ್ವಾಂಸರ ಎಣಿಕೆ. ಹೆಬ್ಬಾಳದ ಪೂರ್ವರೂಪವಾದ ‘ಪೆರ್ಬೊಳಲ್’ ಎಂಬ ಹೆಸರು ಅದರಲ್ಲಿದೆ.

ಶ್ರೀಪುರುಷನ ಹೆಸರನ್ನು ಇಂದು ನಾವು ನಿಸ್ಸಂದೇಹವಾಗಿ ಹೇಳುತ್ತೇವೆ. ಆದರೆ ಅವನ ಪೂರ್ವಿಕರು ನಿಜವಾಗಿ ಆಳಿದವರೇ, ಅಥವಾ ಯಾರೋ ಕಟ್ಟಿದ ಕಥೆಯೇ ಎಂಬ ಪ್ರಶ್ನೆ ನೂರು ವರ್ಷಗಳ ಹಿಂದೆ ಇಬ್ಬರು ದೊಡ್ಡ ವಿದ್ವಾಂಸರನ್ನು ಎದುರುಬದುರಾಗಿ ನಿಲ್ಲಿಸಿತ್ತು. ವಿದ್ವತ್ಪತ್ರಿಕೆಯ ಧರ್ಮವೇನು ಎಂಬುದನ್ನು ಆ ವಾದದಿಂದ ಕಲಿಯಬಹುದು.

ಅವರಲ್ಲಿ ಒಬ್ಬರು ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್. ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ 8,869 ಶಾಸನಗಳನ್ನು ಹೊರತಂದ ಮಹನೀಯರು. ಇನ್ನೊಬ್ಬರು ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್, ಕನ್ನಡ ಸೀಮೆಯ ರಾಜವಂಶಗಳ ಚರಿತ್ರೆಯನ್ನು ಬರೆದವರು. ಜೇಮ್ಸ್ ಬರ್ಜೆಸ್ ಅವರು ಮುಂಬಯಿಯಲ್ಲಿ 1872ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಅದರ ಮೊದಲ ಸಂಪುಟದಲ್ಲಿಯೇ ರೈಸ್ ಅವರು ಮಡಿಕೇರಿಯ ತಾಮ್ರಪಟಗಳನ್ನು ಪ್ರಕಟಿಸಿದರು. ಗಂಗ ದೊರೆ ಅವಿನೀತನ ಹೆಸರಿನಲ್ಲಿರುವ ಶಾಸನವದು. ತಲಕಾಡಿನ ಜಿನಾಲಯಕ್ಕೆ ಬದಣೆಗುಪ್ಪೆ ಗ್ರಾಮವನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಅದರ 388ನೆಯ ವರ್ಷವನ್ನು ಶಕವರ್ಷವೆಂದು ಹಿಡಿದರೆ ಕಾಲ ಕ್ರಿ.ಶ. 466 ಆಗುತ್ತದೆ.

ಫ್ಲೀಟ್ ಅವರು ಇದನ್ನು ಒಪ್ಪಲಿಲ್ಲ. ಅಷ್ಟು ಪ್ರಾಚೀನವೆನ್ನುವ ಶಾಸನದಲ್ಲಿ ವಾರದ ಹೆಸರು ಬಂದಿದೆ. ರಾಷ್ಟ್ರಕೂಟರ ಬಿರುದೆಂದು ನಾವು ಬಲ್ಲ ‘ಅಕಾಲವರ್ಷ’ ಎಂಬ ಹೆಸರೂ ಇದೆ. ರಾಷ್ಟ್ರಕೂಟರೋ ಮುನ್ನೂರು ವರ್ಷ ಈಚಿನವರು. ಇಂತಹ ಪಟಗಳು ಈಚೆಗೆ ಹುಟ್ಟಿಸಿದ ಕೂಟಶಾಸನಗಳು ಎಂಬುದು ಅವರ ತೀರ್ಮಾನ. ಅದೇ ‘ಇಂಡಿಯನ್ ಆಂಟಿಕ್ವರಿ’ಯ 1901ರ ಸಂಪುಟದಲ್ಲಿ ಅವರು ಖೊಟ್ಟಿ ಶಾಸನಗಳ ಮೇಲೆ ಲೇಖನವನ್ನು ಬರೆದರು. ಗಂಗರ ಆದಿಯ ವಂಶಾವಳಿಯನ್ನೇ ಅವರು ನಂಬಲಿಲ್ಲ. ರೈಸ್ ಅವರೂ ಸುಮ್ಮನಿರಲಿಲ್ಲ. ತಮ್ಮ ಸಂಪುಟಗಳ ಪೀಠಿಕೆಗಳಲ್ಲಿ, 1909ರ ತಮ್ಮ ಗ್ರಂಥದಲ್ಲಿ ಗಂಗರ ಪ್ರಾಚೀನತೆಯನ್ನು ಸಮರ್ಥಿಸುತ್ತಲೇ ಬಂದರು.

ಕೊನೆಗೆ ಗೆದ್ದವರು ಯಾರು? ಪೆನುಕೊಂಡೆಯ ತಾಮ್ರಪಟಗಳು ದೊರೆತಾಗ, ಅವುಗಳ ಲಿಪಿಯನ್ನು ನೋಡಿ ಫ್ಲೀಟ್ ಅವರೇ ಅವು ಐದನೆಯ ಶತಮಾನದ ಅಸಲು ಗಂಗ ಶಾಸನವೆಂದು ಒಪ್ಪಿದರು. ಗಂಗರ ಆಳ್ವಿಕೆ ನಾಲ್ಕನೆಯ ಶತಮಾನದಷ್ಟು ಹಿಂದಿನದೆಂದು ಇಂದು ಇತಿಹಾಸಕಾರರು ಒಪ್ಪುತ್ತಾರೆ. ಅದೇ ಕಾಲಕ್ಕೆ, ಮಡಿಕೇರಿಯ ಪಟಗಳು ಈಚಿನವು ಎಂಬ ಅಭಿಪ್ರಾಯವೂ ಬಲವಾಗಿಯೇ ಉಳಿದಿದೆ. ಎಂದರೆ ವಂಶದ ವಿಷಯದಲ್ಲಿ ರೈಸ್, ಪಟದ ವಿಷಯದಲ್ಲಿ ಫ್ಲೀಟ್. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಅದು ಹೊರಬೀಳಲು ಕಾರಣ, ಶಾಸನದ ಪಾಠ ಅಚ್ಚಾಗಿ ಎಲ್ಲರ ಕೈಗೂ ಸಿಕ್ಕಿದ್ದು, ಮತ್ತು ಮೊದಲು ಮಂಡಿಸಿದವರಿಗೆ ಕೊಟ್ಟಷ್ಟೇ ಸ್ಥಳವನ್ನು ಪತ್ರಿಕೆ ಅಲ್ಲಗಳೆದವರಿಗೂ ಕೊಟ್ಟದ್ದು. ತಪ್ಪೇ ಅಚ್ಚಾಗದ ಪತ್ರಿಕೆ ಲೋಕದಲ್ಲಿಲ್ಲ. ತಪ್ಪನ್ನು ಹಿಡಿಯುವ ದಾರಿಯನ್ನು ಓದುಗನಿಗೆ ತೆರೆದಿಟ್ಟಿದೆಯೇ ಎಂಬುದರಲ್ಲಿದೆ ಅದರ ಪ್ರಾಮಾಣಿಕತೆ.

ಕೂಟಶಾಸನಗಳು ಹುಟ್ಟಿದ್ದಾದರೂ ಏತಕ್ಕೆ? ತಾಮ್ರಪಟವೆಂದರೆ ಭೂಮಿಯ ಹಕ್ಕುಪತ್ರ. ಪಟವಿದ್ದವನಿಗೆ ಊರು ದಕ್ಕುತ್ತಿತ್ತು. ಆದ್ದರಿಂದ ಇಲ್ಲದವನು ಮಾಡಿಸಿಕೊಂಡ. ಧರ್ಮಶಾಸ್ತ್ರಕಾರರು ಇದಕ್ಕೆ ಕಠಿಣ ದಂಡವನ್ನು ವಿಧಿಸಿದ್ದರೆಂದರೆ ಕೇಡು ಎಷ್ಟಿತ್ತೆಂದು ಊಹಿಸಬಹುದು.

ನಮ್ಮ ಕಾಲದಲ್ಲಿ ಸಂಶೋಧನ ಲೇಖನವೂ ಒಂದು ಬಗೆಯ ತಾಮ್ರಪಟವಾಗಿದೆ. ಅಧ್ಯಾಪಕನ ನೇಮಕ, ಬಡ್ತಿಗಳಿಗೆ ಅಚ್ಚಾದ ಲೇಖನಗಳ ಎಣಿಕೆ ಬೇಕಾಯಿತು. ಹಣ ಪಡೆದು ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಕೂಡಲೇ ಹುಟ್ಟಿಕೊಂಡವು. ಬೆಂಗಳೂರಿನಿಂದ 1932ರಿಂದ ಹೊರಡುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಹೆಬ್ಬಾಳದ ಕಲ್ಲು ಬೆಳಕು ಕಂಡ 2018ರಲ್ಲೇ, ಇದರ ಪರೀಕ್ಷೆಯೊಂದು ಪ್ರಕಟವಾಯಿತು. ವಿಶ್ವವಿದ್ಯಾನಿಲಯಗಳ ಸೂಚನೆಯ ಮೇರೆಗೆ ಯುಜಿಸಿಯ ಮಾನ್ಯತಾ ಪಟ್ಟಿಗೆ ಸೇರಿದ್ದ 1,009 ಪತ್ರಿಕೆಗಳನ್ನು ಪರಿಶೀಲಿಸಲಾಗಿತ್ತು. ಸುಮಾರು ಮೂರರಲ್ಲಿ ಒಂದು ಪತ್ರಿಕೆಗೆ ವಿಳಾಸ, ಸಂಪಾದಕರ ಹೆಸರು ಮೊದಲಾದ ಮೂಲ ವಿವರಗಳೇ ಸರಿಯಾಗಿರಲಿಲ್ಲ. ಅರ್ಧಕ್ಕೂ ಹೆಚ್ಚು ಪತ್ರಿಕೆಗಳು ಸುಳ್ಳು ಮಾಹಿತಿ ಕೊಟ್ಟಿದ್ದವು, ಇಲ್ಲವೆ ಅವುಗಳ ಸಂಪಾದಕರಿಗೆ ತಕ್ಕ ಅರ್ಹತೆಯಿರಲಿಲ್ಲ. ಅದೇ ವರ್ಷ ಆಯೋಗವು 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಮುಂದೆ ಬಂದ ಇನ್ನೊಂದು ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿತು. ಒಳ್ಳೆಯದನ್ನು ಆರಿಸುವ ಹೊಣೆ ಈಗ ವಿದ್ಯಾಸಂಸ್ಥೆಗಳದೇ.

ಹೆಸರಾಂತ ಪತ್ರಿಕೆಗಳಲ್ಲಿ ಮೋಸ ನುಸುಳುವುದಿಲ್ಲವೆಂದಲ್ಲ. ಉತ್ತರ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ ಹೋದ ಲೇಖನವೊಂದು 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಪ್ರಕಟವಾಗಿತ್ತು. ಅಚ್ಚಾದ ಚಿತ್ರಗಳನ್ನು ಓದುಗರು ಸಂದೇಹಿಸಿದರು. ಸಂಸ್ಥೆ ವಿಚಾರಣೆ ನಡೆಸಿತು. ಚಿತ್ರಗಳನ್ನು ತಿದ್ದಿದ್ದು ಖಚಿತವಾಗಿ 2021ರಲ್ಲಿ ಲೇಖನವನ್ನು ಹಿಂದೆಗೆದುಕೊಳ್ಳಲಾಯಿತು. ಇದು ನಾಚಿಕೆಯ ಸಂಗತಿ, ನಿಜ. ಆದರೂ ಇಲ್ಲಿ ಸಾಕ್ಷ್ಯ ಎಲ್ಲರ ಕಣ್ಣೆದುರಿಗಿತ್ತು, ಸಂದೇಹಕ್ಕೆ ಉತ್ತರವೂ ದೊರೆಯಿತು. ಹಣಕ್ಕೆ ಅಚ್ಚುಹಾಕುವ ಪತ್ರಿಕೆಯಲ್ಲಿ ಇದು ಎಂದಿಗೂ ಆಗದು. ಏಕೆಂದರೆ ಅದನ್ನು ಯಾರೂ ಓದುವುದೇ ಇಲ್ಲ.

ಬದಣೆಗುಪ್ಪೆಯ ದಾನ ನಡೆದದ್ದು ಯಾವಾಗ ಎಂಬ ವಿಷಯ ಇಂದು ಯಾರ ಬಡ್ತಿಗೂ ಬೇಕಿಲ್ಲ. ಆದರೂ ಅದಕ್ಕಾಗಿ ಇಬ್ಬರು ವಿದ್ವಾಂಸರು ವರ್ಷಗಟ್ಟಲೆ ಹೋರಾಡಿದರು. ಒಬ್ಬರು ಹೊಸ ಸಾಕ್ಷ್ಯಕ್ಕೆ ತಲೆಬಾಗಿದರು. ಹೆಬ್ಬಾಳದ ಕಲ್ಲಿನ ಶ್ರೀಪುರುಷನನ್ನು ಅವನ ವಂಶದೊಂದಿಗೆ ನಾವು ಇಂದು ಗುರುತಿಸಬಲ್ಲೆವಾದರೆ, ಅದು ಆ ಜಗಳದ ಫಲ.