ನಾಲ್ದೇಹ್ರಾ: ಬೆಟ್ಟದ ಇಳಿಜಾರಿನಲ್ಲಿ ಗಾಲ್ಫ್ ಆಡೋದು ಹೇಗೆ?

ಶಿಮ್ಲಾ ಪ್ರವಾಸಕ್ಕೆ ಹೋಗುವ ನಮ್ಮವರು ಮಾಲ್ ರೋಡ್, ಕುಫ್ರಿ ನೋಡಿಕೊಂಡು ವಾಪಸ್ ಬರೋದೇ ಹೆಚ್ಚು. ಶಿಮ್ಲಾದಿಂದ ಸುಮಾರು 22 ಕಿ.ಮೀ. ದೂರದಲ್ಲಿ, ತತ್ತಾಪಾನಿ ದಾರಿಯಲ್ಲಿ ನಾಲ್ದೇಹ್ರಾ ಅನ್ನೋ ಊರಿದೆ. ಸಮುದ್ರಮಟ್ಟದಿಂದ 2,000 ಮೀಟರ್‌ಗೂ ಹೆಚ್ಚು ಎತ್ತರ. ದೇವದಾರು ಮರಗಳ ನಡುವೆ ಇರುವ ಇಲ್ಲಿನ ಗಾಲ್ಫ್ ಮೈದಾನ ದೇಶದ ಹಳೆಯ ಮೈದಾನಗಳಲ್ಲಿ ಒಂದು. ನೋಡೋಕೆ ಚೆಂದ, ಆಡೋಕೆ ಕಷ್ಟ.

ಹಿನ್ನೆಲೆ ಏನು?

1899ರಿಂದ 1905ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್‌ಗೆ ಈ ಜಾಗ ತುಂಬಾ ಹಿಡಿಸಿತ್ತು. ಎಷ್ಟರಮಟ್ಟಿಗೆ ಅಂದ್ರೆ, 1904ರಲ್ಲಿ ಹುಟ್ಟಿದ ಮಗಳ ಹೆಸರಿಗೇ ಊರಿನ ಹೆಸರು ಸೇರಿಸಿದರು. ಊರಿನ ಹೆಸರಿಗೆ ನಾಗದೇವರ ನೆಲೆ ಎಂಬ ಅರ್ಥ ಹೇಳುತ್ತಾರೆ. ಮಾಹುನಾಗ್ ದೇವಸ್ಥಾನ ಈಗಲೂ ಅಲ್ಲೇ ಇದೆ.

ಲೆಕ್ಕ ಹೇಗೆ?

ಮೈದಾನದಲ್ಲಿ 18 ಹೋಲ್, ಪಾರ್ 68. ಪಾರ್ ಅಂದ್ರೆ ಪಳಗಿದ ಆಟಗಾರ ಚೆಂಡನ್ನು ಗುಳಿಗೆ ಹಾಕಲು ಬೇಕಾಗುವ ಹೊಡೆತಗಳ ಲೆಕ್ಕ. ಬಯಲು ನಾಡಿನ ದೊಡ್ಡ ಮೈದಾನಗಳಲ್ಲಿ ಇದು ಸಾಮಾನ್ಯವಾಗಿ 72. ಪಾರ್ ಕಡಿಮೆ ಅಂತ ಸುಲಭ ಅಂದುಕೊಳ್ಳಬೇಡಿ. ಇಲ್ಲಿ ದೂರ ಕಮ್ಮಿ, ಏರಿಳಿತ ಜಾಸ್ತಿ.

ಇಳಿಜಾರಿನಲ್ಲಿ ಚೆಂಡು ಎತ್ತ ಹೋಗುತ್ತೆ?

ಬೆಟ್ಟದಲ್ಲಿ ಎರಡೂ ಕಾಲು ಸಮತಟ್ಟಾಗಿ ಊರಲು ಜಾಗ ಸಿಗೋದೇ ಅಪರೂಪ. ಬಲಗೈ ಆಟಗಾರರು ಇಷ್ಟು ನೆನಪಿಡಬೇಕು:

• ಚೆಂಡು ಪಾದಕ್ಕಿಂತ ಮೇಲಿದ್ದರೆ ಎಡಕ್ಕೆ ಹೋಗುತ್ತೆ. ಕ್ಲಬ್ಬನ್ನು ಸ್ವಲ್ಪ ಕೆಳಗೆ ಹಿಡಿದು, ಗುರಿ ಬಲಕ್ಕಿಡಿ.
• ಪಾದಕ್ಕಿಂತ ಕೆಳಗಿದ್ದರೆ ಬಲಕ್ಕೆ ಹೋಗುತ್ತೆ. ಮೊಣಕಾಲು ಬಗ್ಗಿಸಿ, ಗುರಿ ಎಡಕ್ಕಿಡಿ.
• ಏರಿನಲ್ಲಿ ನಿಂತು ಹೊಡೆದರೆ ಚೆಂಡು ಮೇಲಕ್ಕೆದ್ದು ಹತ್ತಿರದಲ್ಲೇ ಬೀಳುತ್ತೆ. ಹೆಚ್ಚು ದೂರ ಹೋಗುವ ಕ್ಲಬ್ ಬೇಕು.
• ಇಳಿಜಾರಿಗೆ ಮುಖ ಮಾಡಿ ಹೊಡೆದರೆ ಚೆಂಡು ತಗ್ಗಿನಲ್ಲೇ ಹೋಗಿ, ಬಿದ್ದ ಮೇಲೂ ಉರುಳುತ್ತೆ.

ಎತ್ತರದ ಜಾಗದಲ್ಲಿ ಗಾಳಿ ತೆಳು. ಹಾಗಾಗಿ ಅದೇ ಹೊಡೆತಕ್ಕೆ ಚೆಂಡು ಬಯಲಿಗಿಂತ ಸ್ವಲ್ಪ ದೂರ ಹೋಗುತ್ತೆ. ಚಳಿ ಹೆಚ್ಚಾದಾಗ ಈ ಲಾಭ ಕಡಿಮೆಯಾಗುತ್ತೆ.

ಚೆಂಡು ಕಳೆದರೆ?

ಹುಡುಕಲು 3 ನಿಮಿಷ ಮಾತ್ರ ಅವಕಾಶ. 2019ಕ್ಕೆ ಮೊದಲು 5 ನಿಮಿಷ ಇತ್ತು. ಸಿಗದಿದ್ದರೆ ಒಂದು ಹೊಡೆತ ದಂಡ, ಜೊತೆಗೆ ಮೊದಲು ಹೊಡೆದ ಜಾಗಕ್ಕೇ ವಾಪಸ್ ಹೋಗಬೇಕು. ಬೆಟ್ಟದಲ್ಲಿ ಮತ್ತೆ ಹತ್ತಿ ಇಳಿಯೋದೂ ಒಂದು ದಂಡವೇ. ಅನುಮಾನ ಇದ್ದರೆ ಹುಡುಕಲು ಹೊರಡುವ ಮುಂಚೆಯೇ ‘ಪ್ರಾವಿಷನಲ್’ ಎಂದು ಹೇಳಿ ಇನ್ನೊಂದು ಚೆಂಡು ಹೊಡೆದುಬಿಡಿ. ಮರಗಳ ಮಧ್ಯೆ ಚೆಂಡು ಸಿಕ್ಕಿಕೊಂಡರೆ ಕೊಂಬೆಗಳ ಸಂದಿಯಲ್ಲಿ ಹಾಯಿಸುವ ಸಾಹಸ ಬೇಡ. ಪಕ್ಕಕ್ಕೆ ಮೆಲ್ಲಗೆ ಹೊಡೆದು ತೆರೆದ ಜಾಗಕ್ಕೆ ತಂದುಕೊಂಡರೆ ಒಂದೇ ಹೊಡೆತ ನಷ್ಟ. ಹಟ ಮಾಡಿದರೆ ಮೂರೋ ನಾಲ್ಕೋ ಹೋಗುತ್ತೆ.

ಕ್ಯಾಡಿ ಮಾತು ಕೇಳಿ

ಗುಳಿ ಇರುವ ನುಣ್ಣನೆ ಹುಲ್ಲಿನ ಜಾಗಕ್ಕೆ ಗ್ರೀನ್ ಅಂತಾರೆ. ಸುತ್ತಲೂ ಬೆಟ್ಟ ಇದ್ದರೆ ಗ್ರೀನಿನ ವಾಟ ಕಣ್ಣಿಗೆ ಮೋಸ ಮಾಡುತ್ತೆ, ಏರು ಇಳಿಜಾರಿನಂತೆ ಕಾಣಬಹುದು. ಚೀಲ ಹೊರುವ ಕ್ಯಾಡಿಗೆ ದಿನವೂ ಓಡಾಡಿ ಅದು ಕಾಲಿಗೇ ಗೊತ್ತಿರುತ್ತೆ. ಹೊಸಬರಿಗೆ ದುಬಾರಿ ಕ್ಲಬ್‌ಗಿಂತ ಕ್ಯಾಡಿಯ ಒಂದು ಮಾತೇ ಹೆಚ್ಚು ಉಪಯೋಗ. ಅವರ ಕೂಲಿ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ, ಚೌಕಾಸಿ ಬೇಡ.

ಆಡದವರೂ ಎಚ್ಚರ

ಗಾಲ್ಫ್ ಚೆಂಡಿನ ತೂಕ ಸುಮಾರು 46 ಗ್ರಾಂ. ಚಿಕ್ಕದಾದರೂ ಗಟ್ಟಿ, ತಲೆಗೆ ಬಡಿದರೆ ಪ್ರಾಣಕ್ಕೇ ಅಪಾಯ. ತಿರುವು, ದಿಬ್ಬಗಳ ಕಾರಣ ಹೊಡೆಯುವವರಿಗೆ ಮುಂದಿರುವವರು ಕಾಣದೇ ಇರಬಹುದು. ಫೋಟೊಗಾಗಿ ಮಕ್ಕಳನ್ನು ಹುಲ್ಲಿನ ಮಧ್ಯೆ ಬಿಡಬೇಡಿ. ‘ಫೋರ್’ ಅಂತ ಕೂಗು ಕೇಳಿಸಿದರೆ ತಿರುಗಿ ನೋಡಬೇಡಿ. ತಲೆ ಮೇಲೆ ಕೈ ಇಟ್ಟು ತಕ್ಷಣ ಬಗ್ಗಿ.

ಯಾವಾಗ ಹೋಗಬೇಕು?

ಏಪ್ರಿಲ್‌ನಿಂದ ಜೂನ್, ಆಮೇಲೆ ಮಳೆ ಮುಗಿದ ಮೇಲೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಅನುಕೂಲ. ಚಳಿಗಾಲದಲ್ಲಿ ಹಿಮ ಬಿದ್ದರೆ ಆಟ ನಿಲ್ಲುತ್ತೆ. ಮೊದಲ ದಿನವೇ 18 ಹೋಲ್ ಆಡಲು ಹೊರಟರೆ ಏದುಸಿರು ಬರುತ್ತೆ, 9 ಸಾಕು. ಜಾರದ ಶೂ, ಒಂದು ಸ್ವೆಟರ್, ನೀರಿನ ಬಾಟಲಿ ಮರೆಯಬೇಡಿ.